ಕಿತ್ತಳೆ ಬಣ್ಣದ ತಂಡ: ಯುಸ್ಕಾಲ್ಟೆಲ್‌ನ ಇಪ್ಪತ್ತು ಋತುಗಳು

ದಿನಕ್ಕೊಂದು ಹಂತದಂತೆ ಮೂರು ವಾರ ನಡೆಯುವ ಟೂರ್ ದ ಫ್ರಾನ್ಸ್ ಸೈಕಲ್ ಸ್ಪರ್ಧೆಯನ್ನು ನಾನು ಮೊದಲ ಬಾರಿಗೆ ಮನಸ್ಸಿಟ್ಟು ನೋಡಿದ್ದು 2003ರ ಜುಲೈನಲ್ಲಿ. ಬೆಂಗಳೂರಿನಲ್ಲಿ ನಾಲ್ವರು ಗೆಳೆಯರು ಸೇರಿ ಹಿಡಿದಿದ್ದ ಬಾಡಿಗೆ ಮನೆಯಲ್ಲಿ ಒಂದು ಹಳೆಯ ಟಿ.ವಿ. ಇತ್ತು. ಉಳಿದ ಮೂವರು ಊಟ ಮುಗಿಸಿ ಮಲಗಿದ ಮೇಲೆ, ಧ್ವನಿಯನ್ನು ಆದಷ್ಟು ತಗ್ಗಿಸಿ, ಆ ದಿನದ ಸ್ಪರ್ಧೆಯ ಮುಖ್ಯ ಭಾಗಗಳನ್ನು ನಾನೊಬ್ಬನೇ ನೋಡುತ್ತಿದ್ದೆ. ಪಿರನೀಸ್ ಪರ್ವತಗಳ ತಿರುವುಗಳಲ್ಲಿ ರಸ್ತೆಯ ಎರಡೂ ಬದಿಗೆ ಕಿತ್ತಳೆ ಬಣ್ಣದ ಅಂಗಿ ತೊಟ್ಟ ಜನ ಕಿಕ್ಕಿರಿದು ನಿಂತಿದ್ದರು. ಕಿತ್ತಳೆ ಎಂದರೆ ಹಾಲೆಂಡ್ ಎಂಬುದು ಫುಟ್‌ಬಾಲ್ ನೋಡಿ ಕಲಿತಿದ್ದ ನನ್ನ ಜ್ಞಾನ. ಹೀಗಾಗಿ ಆ ಜನರೆಲ್ಲ ಡಚ್ಚರೆಂದೇ ತಿಳಿದು, ಬೆಟ್ಟವೇ ಇಲ್ಲದ ನಾಡಿನವರಿಗೆ ಬೆಟ್ಟದ ಮೇಲೆ ಇಷ್ಟೊಂದು ಪ್ರೀತಿಯೇ ಎಂದು ಸೋಜಿಗಪಟ್ಟೆ; ಮರುದಿನ ಕಚೇರಿಯಲ್ಲಿ ಅದನ್ನೇ ಒಬ್ಬರಿಗೆ ತಿಳಿದವನಂತೆ ವಿವರಿಸಿಯೂ ಬಿಟ್ಟೆ. ಅವರು ಡಚ್ಚರಲ್ಲ, ಬಾಸ್ಕ್ ಜನ, ಅವರು ಕೂಗಿ ಕರೆಯುತ್ತಿದ್ದುದು ತಮ್ಮದೇ ನಾಡಿನ ಒಂದು ತಂಡವನ್ನು ಎಂಬುದು ತಿಳಿದದ್ದು ಕೆಲವು ದಿನಗಳ ನಂತರ. ಆ ತಪ್ಪು ತಿಳಿವಳಿಕೆಯ ನಾಚಿಕೆಯೇ ನನ್ನನ್ನು ಯುಸ್ಕಾಲ್ಟೆಲ್–ಯುಸ್ಕಾಡಿ ಎಂಬ ತಂಡದ ಬೆನ್ನು ಹತ್ತಿಸಿತು. ಅದು ಮುಚ್ಚಿಹೋಗುವವರೆಗೂ, ಅಂದರೆ ಮುಂದಿನ ಹತ್ತು ವರ್ಷ, ನಾನು ಅದರ ಅಭಿಮಾನಿಯಾಗಿಯೇ ಇದ್ದೆ.

ಬಾಸ್ಕ್ ನಾಡು ಸ್ಪೇನಿನ ಉತ್ತರದ ಅಂಚಿನಲ್ಲಿ, ಪಿರನೀಸ್ ಪರ್ವತಗಳು ಕಡಲಿಗೆ ಇಳಿಯುವ ಕಡೆ ಇದೆ. ಅದರ ಒಂದು ಸಣ್ಣ ಭಾಗ ಫ್ರಾನ್ಸಿಗೆ ಸೇರಿದೆ. ಪಕ್ಕದ ನವಾರ್ರೆ ಸೀಮೆಯನ್ನೂ ಫ್ರೆಂಚ್ ಭಾಗವನ್ನೂ ಸೇರಿಸಿಕೊಂಡರೆ ಒಟ್ಟು ಜನಸಂಖ್ಯೆ ಸುಮಾರು ಮೂವತ್ತು ಲಕ್ಷ. ಅವರ ಎಉಸ್ಕಾರಾ ಭಾಷೆಗೆ ಜಗತ್ತಿನ ಬೇರಾವ ಜೀವಂತ ಭಾಷೆಯೊಡನೆಯೂ ನಂಟಿಲ್ಲ. ಸ್ಪೇನಿನ ಸರ್ವಾಧಿಕಾರಿ ಫ್ರಾಂಕೊ ಆಳ್ವಿಕೆಯ ಕಾಲದಲ್ಲಿ ಆ ಭಾಷೆಯನ್ನು ಹತ್ತಿಕ್ಕಲಾಗಿತ್ತು, ಅವರ ಬಾವುಟವನ್ನು ಹಾರಿಸುವುದು ಅಪರಾಧವಾಗಿತ್ತು. ಈ ಪುಟ್ಟ ಗುಡ್ಡಗಾಡು ಸೀಮೆಯಲ್ಲಿ ಸೈಕಲ್ಲಿನ ಹುಚ್ಚು ಹಳೆಯದು. ಅದಕ್ಕೆ ಕೈಗಾರಿಕೆಯ ಹಿನ್ನೆಲೆಯೂ ಇದೆ: ಎಇಬಾರ್ ಎಂಬ ಊರಿನಲ್ಲಿ ಬಂದೂಕು ತಯಾರಿಸುತ್ತಿದ್ದ ಕಾರ್ಖಾನೆಗಳು ಇಪ್ಪತ್ತನೆಯ ಶತಮಾನದಲ್ಲಿ ಸೈಕಲ್ ತಯಾರಿಕೆಗೆ ಹೊರಳಿದವು. 1840ರಲ್ಲಿ ಬಂದೂಕಿನ ಕಾರ್ಖಾನೆಯಾಗಿ ಹುಟ್ಟಿದ ಓರ್ಬೆಯಾ ಇಂದು ಕಾರ್ಮಿಕರೇ ಒಡೆಯರಾಗಿರುವ ಸಹಕಾರಿ ಸಂಸ್ಥೆ. ಯುಸ್ಕಾಲ್ಟೆಲ್ ಸವಾರರು ತುಳಿಯುತ್ತಿದ್ದುದು ಅದರ ಸೈಕಲ್ಲುಗಳನ್ನೇ. ಬಂದೂಕಿನ ನಳಿಗೆ ಮಾಡಲು ಬಲ್ಲವನಿಗೆ ಸೈಕಲ್ಲಿನ ಕೊಳವೆ ಮಾಡುವುದು ಎಷ್ಟರ ಕೆಲಸ! ವಿಜಯಪುರ, ಬಾಗಲಕೋಟೆ ಕಡೆಯಿಂದ ರಾಷ್ಟ್ರಮಟ್ಟಕ್ಕೆ ಬಂದ ಸೈಕ್ಲಿಸ್ಟ್‌ಗಳ ಸಾಲನ್ನು ಬಲ್ಲವರಿಗೆ, ಒಂದು ಆಟ ಒಂದು ಸೀಮೆಯಲ್ಲಿ ಬೇರೂರಿದರೆ ಅಲ್ಲಿ ಒಬ್ಬನನ್ನು ನೋಡಿ ಇನ್ನೊಬ್ಬ ಹೇಗೆ ಹುಟ್ಟಿಕೊಳ್ಳುತ್ತಾನೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಈ ತಂಡಕ್ಕೂ ಮೊದಲು ಅಲ್ಲಿ ವೃತ್ತಿಪರ ತಂಡಗಳಿರಲಿಲ್ಲವೆಂದಲ್ಲ. ವಿಟೋರಿಯಾ ನಗರದ ತಂಪು ಪಾನೀಯದ ಕಂಪನಿಯ ಕಾಸ್ ತಂಡ ಎರಡು ಅವಧಿಗಳಲ್ಲಿ ಹೆಸರು ಮಾಡಿ 1988ರಲ್ಲಿ ಕಣ್ಣು ಮುಚ್ಚಿತ್ತು. ತೊಂಬತ್ತರ ದಶಕದ ಆರಂಭದಲ್ಲಿ ನವಾರ್ರೆಯ ಮಿಗೆಲ್ ಇಂದುರೈನ್ ಸತತ ಐದು ಬಾರಿ ಟೂರ್ ಗೆದ್ದನಾದರೂ ಅವನು ಗೆದ್ದದ್ದು ಸ್ಪೇನಿನ ಬ್ಯಾಂಕೊಂದರ ತಂಡಕ್ಕಾಗಿ. ಹಳ್ಳಿ ಹಳ್ಳಿಯ ಕ್ಲಬ್ಬುಗಳಲ್ಲಿ ಬೆಳೆದ ಹುಡುಗರು ವೃತ್ತಿಪರರಾಗುವ ಹೊತ್ತಿಗೆ ಯಾರ ಯಾರದೋ ಬಾಗಿಲು ಕಾಯಬೇಕಾದ ಪರಿಸ್ಥಿತಿಯನ್ನು ಕಂಡು, ಮಿಗೆಲ್ ಮದಾರಿಯಾಗಾ ಎಂಬುವರ ನೇತೃತ್ವದಲ್ಲಿ 1993ರಲ್ಲಿ ಒಂದು ಪ್ರತಿಷ್ಠಾನ ಹುಟ್ಟಿತು. ಮರುವರ್ಷ ಅದರ ತಂಡ ರಸ್ತೆಗಿಳಿಯಿತು. ಅದರ ನಿಯಮ ಸರಳವಾಗಿತ್ತು. ಸವಾರ ಬಾಸ್ಕ್ ನಾಡಿನವನಾಗಿರಬೇಕು, ಇಲ್ಲವೇ ಆ ನಾಡಿನ ಹವ್ಯಾಸಿ ಕ್ಲಬ್ಬುಗಳಲ್ಲಿ ಪಳಗಿದವನಾಗಿರಬೇಕು. ಹಣಕ್ಕಾಗಿ ಅಭಿಮಾನಿಗಳಿಂದಲೇ ಚಂದಾ ಎತ್ತುವುದು, ಸ್ಥಳೀಯ ಸರ್ಕಾರಗಳ ನೆರವು ಪಡೆಯುವುದು ಯೋಜನೆ. ನಮ್ಮ ಊರುಗಳಲ್ಲಿ ದೇವಸ್ಥಾನದ ರಥಕ್ಕೆ ಮನೆಮನೆಯಿಂದ ಪಟ್ಟಿ ಎತ್ತುವ ರೀತಿಯದೇ ಲೆಕ್ಕಾಚಾರವಿದು. ರಥವನ್ನು ಒಮ್ಮೆ ಮಾಡಿಸಿದರೆ ಮುಗಿಯಿತು. ಸೈಕಲ್ ತಂಡಕ್ಕಾದರೋ ಪ್ರತಿ ತಿಂಗಳೂ ಸಂಬಳ ಕೊಡಬೇಕು. ಮೊದಲ ವರ್ಷಗಳು ಹಣದ ಅಡಚಣೆಯಲ್ಲಿಯೇ ಕಳೆದವು.

ಆಗ ಬಂದದ್ದು ಯುಸ್ಕಾಲ್ಟೆಲ್. ಸ್ಪೇನಿನ ದೂರವಾಣಿ ಕ್ಷೇತ್ರ ಖಾಸಗಿಯವರಿಗೆ ತೆರೆದುಕೊಳ್ಳುತ್ತಿದ್ದ ಕಾಲದಲ್ಲಿ, 1995ರಲ್ಲಿ, ಬಾಸ್ಕ್ ಸರ್ಕಾರ ಮತ್ತು ಅಲ್ಲಿನ ಉಳಿತಾಯ ಬ್ಯಾಂಕುಗಳು ಸೇರಿ ಕಟ್ಟಿದ ಕಂಪನಿ ಅದು. ಅದರ ಎದುರಾಳಿ ಟೆಲಿಫೋನಿಕಾ ಎಂಬ ದೈತ್ಯ. ಸಣ್ಣ ಕಂಪನಿಯ ಕೈಯಲ್ಲಿದ್ದ ಒಂದೇ ಅಸ್ತ್ರವೆಂದರೆ 'ಇದು ನಮ್ಮದು' ಎಂಬ ಮಾತು. ಅದೇ ಮಾತನ್ನು ಚಕ್ರದ ಮೇಲೆ ಹೇಳುತ್ತಿದ್ದ ತಂಡವೊಂದು ದುಡ್ಡಿಲ್ಲದೆ ಒದ್ದಾಡುತ್ತಿತ್ತು. 1998ರ ಋತುವಿನಿಂದ ಕಂಪನಿಯ ಹೆಸರು ತಂಡದ ಹೆಸರಾಯಿತು, ಕಂಪನಿಯ ಕಿತ್ತಳೆ ಬಣ್ಣ ತಂಡದ ಬಣ್ಣವಾಯಿತು. ಬಾಸ್ಕ್ ಬಾವುಟದಲ್ಲಿರುವುದು ಕೆಂಪು, ಹಸಿರು, ಬಿಳಿ ಮಾತ್ರ; ಅಲ್ಲಿನ ಜನರ ಯಾವ ಹಳೆಯ ಲಾಂಛನದಲ್ಲೂ ಕಿತ್ತಳೆಗೆ ಸ್ಥಾನವಿಲ್ಲ. ದೂರವಾಣಿ ಕಂಪನಿಯೊಂದರ ಜಾಹೀರಾತಿನ ಬಣ್ಣವನ್ನು ಒಂದು ಜನಾಂಗವೇ ತನ್ನ ಮೈಮೇಲೆ ಹಾಕಿಕೊಂಡು ಬೆಟ್ಟ ಹತ್ತಿದ ಇಂಥ ಉದಾಹರಣೆ ನನಗೆ ಇನ್ನೊಂದು ತಿಳಿದಿಲ್ಲ.

2001ರಲ್ಲಿ ತಂಡಕ್ಕೆ ಮೊದಲ ಬಾರಿಗೆ ಟೂರ್ ದ ಫ್ರಾನ್ಸ್ ಪ್ರವೇಶ ದೊರೆಯಿತು. ಆ ವರ್ಷದ ಜುಲೈ 22ರಂದು ಸ್ಪರ್ಧೆ ತಾರ್ಬ್ ನಗರದಿಂದ ಹೊರಟು ಲೂಜ್ ಆರ್ದಿದೆನ್ ಎಂಬ ಶಿಖರದಲ್ಲಿ ಮುಗಿಯುವುದಿತ್ತು. ಗಡಿಗೆ ಹತ್ತಿರದ ಬೆಟ್ಟವಾದ್ದರಿಂದ ಬಾಸ್ಕ್ ಜನ ಕಾರು, ವ್ಯಾನು, ಬಸ್ಸುಗಳಲ್ಲಿ ಬಂದು ತುಂಬಿಕೊಂಡಿದ್ದರು. ಆ ದಿನವನ್ನು ನಾನು ನೋಡಿದ್ದು ಬಹಳ ವರ್ಷಗಳ ನಂತರ, ಧ್ವನಿಮುದ್ರಣ ಅಷ್ಟೇನೂ ಚೆನ್ನಾಗಿಲ್ಲದ ಒಂದು ವಿಡಿಯೊದಲ್ಲಿ. ಎಷ್ಟು ಬಾರಿ ನೋಡಿದೆನೆಂಬ ಲೆಕ್ಕವಿಲ್ಲ. ರೊಬೆರ್ತೊ ಲೈಸೆಕಾ ಒಬ್ಬನೇ ಮುಂದೆ ಹೋಗುತ್ತಿದ್ದಾನೆ. ಅವನ ಮುಂದೆ ರಸ್ತೆ ಕಾಣುವುದೇ ಇಲ್ಲ, ಕಾಣುವುದು ಜನ ಮಾತ್ರ. ಸೈಕಲ್ಲಿನ ಮುಂದಿನ ಚಕ್ರ ತೀರಾ ಹತ್ತಿರ ಬಂದ ಮೇಲೆ ಆ ಜನ ಎರಡು ಪಕ್ಕಕ್ಕೆ ಸರಿಯುತ್ತಾರೆ, ಅವನು ದಾಟಿದ ಕ್ಷಣವೇ ಮತ್ತೆ ಕೂಡಿಕೊಳ್ಳುತ್ತಾರೆ, ಮಾವಿನ ತೋಪಿನ ಕೆರೆಯಲ್ಲಿ ಪಾಚಿ ಸರಿಸಿ ನೀರು ತೆಗೆದ ಹಾಗೆ. ಒಬ್ಬ ಬಾವುಟ ಹಿಡಿದು ಓಡುತ್ತಾನೆ, ಇನ್ನೊಬ್ಬ ಎಡವಿ ಬೀಳುತ್ತಾನೆ, ಮೂರನೆಯವನ ಕಿರುಚಾಟ ಸವಾರನ ಕಿವಿಗೆ ಒಂದು ಗೇಣಿನ ಅಂತರದಲ್ಲಿದೆ. ಲೈಸೆಕಾನ ಮುಖದಲ್ಲಿ ಮಾತ್ರ ಯಾವ ಭಾವವೂ ಇಲ್ಲ, ತುಳಿತದ ಲಯ ಕೆಡುವುದೂ ಇಲ್ಲ. ಅಂದು ಹಿಂದೆ ಬಂದ, ಆ ಕಾಲದ ಇಬ್ಬರು ದೊಡ್ಡ ಸವಾರರಾದ ಆರ್ಮ್‌ಸ್ಟ್ರಾಂಗ್ ಮತ್ತು ಉಲ್ರಿಚ್ ಗೆರೆ ದಾಟುವಾಗ ಕೈ ಕುಲುಕಿದ್ದನ್ನು ಪತ್ರಿಕೆಗಳು ದೊಡ್ಡದಾಗಿ ಬರೆದವು. ಬಾಸ್ಕ್ ಜನಕ್ಕೆ ಅದು ಸಂಬಂಧಪಟ್ಟ ವಿಷಯವಾಗಿರಲಿಲ್ಲ. ಮೊದಲ ಟೂರ್‌ನಲ್ಲಿಯೇ, ತಮ್ಮ ಬೆಟ್ಟಗಳ ಸಾಲಿನಲ್ಲಿಯೇ, ತಮ್ಮ ಹುಡುಗ ಗೆದ್ದಿದ್ದ.

ಅಲ್ಲಿಂದ ಮುಂದಿನ ಮೂರು ವರ್ಷ ಇಬಾನ್ ಮಾಯೊನದು. 2003ರ ಜುಲೈ 13ರಂದು ಆಲ್ಪ್ ದ್ಯುಯೆಜ್ ಬೆಟ್ಟದಲ್ಲಿ ಅವನು ಎಲ್ಲರನ್ನೂ ಬಿಟ್ಟು ಹೊರಟು, ಎರಡನೆಯವನಿಗಿಂತ ಒಂದು ಮುಕ್ಕಾಲು ನಿಮಿಷ ಮುಂದೆ ಗುರಿ ಮುಟ್ಟಿದ. ಎಂಟು ದಿನಗಳ ನಂತರ, ಅದೇ ಲೂಜ್ ಆರ್ದಿದೆನ್ ಏರಿನಲ್ಲಿ ನಡೆದದ್ದು ನನ್ನ ಕಣ್ಣಿಗೆ ಇನ್ನೂ ಕಟ್ಟಿದಂತಿದೆ. ರಸ್ತೆಯಂಚಿನಲ್ಲಿ ನಿಂತಿದ್ದ ಒಬ್ಬರ ಕೈಚೀಲದ ಪಟ್ಟಿ ಆರ್ಮ್‌ಸ್ಟ್ರಾಂಗ್‌ನ ಹ್ಯಾಂಡಲ್ಲಿಗೆ ಸಿಕ್ಕಿಕೊಂಡು ಅವನು ಧೊಪ್ಪನೆ ಬಿದ್ದ. ಅವನ ಹಿಂದೆಯೇ ಇದ್ದ ಮಾಯೊ ಅವನ ಮೇಲೆಯೇ ಬಿದ್ದ. ಇಬ್ಬರೂ ಎದ್ದರು, ಮುಂದಿನವರು ಕಾದರು, ಆರ್ಮ್‌ಸ್ಟ್ರಾಂಗ್ ಆ ದಿನ ಗೆದ್ದ. ಆ ಗೆಲುವನ್ನೂ ಅವನ ಎಲ್ಲ ಟೂರ್ ಪ್ರಶಸ್ತಿಗಳನ್ನೂ ಮುಂದೆ ನಿಷೇಧಿತ ಉದ್ದೀಪನ ಮದ್ದಿನ ಕಾರಣಕ್ಕೆ ಕಿತ್ತುಕೊಳ್ಳಲಾಯಿತು ಎಂಬುದು ಎಲ್ಲರಿಗೂ ಗೊತ್ತಿರುವ ಕಥೆ. ಆ ಟೂರ್ ಮುಗಿದಾಗ ಐಮಾರ್ ಸುಬೆಲ್ದಿಯಾ ಐದನೆಯವನು, ಮಾಯೊ ಆರನೆಯವನು. ಮೂರು ನಾಲ್ಕು ಕಣಿವೆಗಳ ಹುಡುಗರನ್ನಷ್ಟೇ ಆರಿಸಿಕೊಳ್ಳುವ ತಂಡವೊಂದು ಜಗತ್ತಿನ ಅತಿ ದೊಡ್ಡ ಸ್ಪರ್ಧೆಯಲ್ಲಿ ಮೊದಲ ಆರರೊಳಗೆ ಎರಡು ಸ್ಥಾನ ಹಿಡಿದಿತ್ತು.

ಮರುವರ್ಷ ಜೂನ್‌ನಲ್ಲಿ ಮಾಯೊ ಮೋಂ ವಾಂತೂ ಪರ್ವತವನ್ನು, ಒಬ್ಬೊಬ್ಬರೇ ಗಡಿಯಾರದ ವಿರುದ್ಧ ತುಳಿಯುವ ಸಮಯದ ಸ್ಪರ್ಧೆಯಲ್ಲಿ, 55 ನಿಮಿಷ 51 ಸೆಕೆಂಡುಗಳಲ್ಲಿ ಏರಿ, ಆರ್ಮ್‌ಸ್ಟ್ರಾಂಗ್‌ನನ್ನು ಬಹಳ ಹಿಂದೆ ಬಿಟ್ಟು, ಡೋಫಿನೆ ಸ್ಪರ್ಧೆಯನ್ನೇ ಗೆದ್ದುಕೊಂಡ. ಈ ಬಾರಿ ಟೂರ್ ನಮ್ಮದೇ ಎಂದು ಬಾಸ್ಕ್ ನಾಡಿನ ದೊಡ್ಡ ನಗರವಾದ ಬಿಲ್ಬಾವೊದ ಬಾರುಗಳಲ್ಲಿ ಮಾತು ನಡೆದಿರಬೇಕು. ಬೆಂಗಳೂರಿನ ಒಂದು ಬಾಡಿಗೆ ಮನೆಯಲ್ಲಂತೂ ನಡೆದಿತ್ತು. ಟೂರ್ ಶುರುವಾಗಿ ಮೂರನೆಯ ಹಂತದಲ್ಲಿ, ಕಲ್ಲು ಹಾಸಿದ ಹಳೆಯ ರಸ್ತೆಗೆ ಹೊರಳುವ ಮುನ್ನ ಉಂಟಾದ ನೂಕುನುಗ್ಗಲಿನಲ್ಲಿ ಮಾಯೊ ಬಿದ್ದು ಸುಮಾರು ನಾಲ್ಕು ನಿಮಿಷ ಕಳೆದುಕೊಂಡ. ಪಿರನೀಸ್‌ಗೆ ಬರುವ ಹೊತ್ತಿಗೆ ಅವನ ದೇಹದಲ್ಲಿ ಏನೂ ಉಳಿದಿರಲಿಲ್ಲ. ಪ್ಲಾತೊ ದ ಬೈಲ್ ಕಡೆಗಿನ ಹಂತದಲ್ಲಿ ಅವನು ಸೈಕಲ್ ನಿಲ್ಲಿಸಿ ಕೆಳಗಿಳಿದೇಬಿಟ್ಟ. ಸಂಗಾತಿಗಳು ಹಿಂದಕ್ಕೆ ಬಂದು, ಬೆನ್ನು ತಟ್ಟಿ, ಮತ್ತೆ ಹತ್ತಿಸಿದರು. ಇಡೀ ಬೆಟ್ಟ ಕಿತ್ತಳೆ ಬಣ್ಣದಲ್ಲಿ ಅವನಿಗಾಗಿಯೇ ಕಾದಿತ್ತು, ಅವನು ಸೋತವರ ಗುಂಪಿನಲ್ಲಿ ತಲೆ ತಗ್ಗಿಸಿ ಅದರ ನಡುವೆ ಹಾದುಹೋದ. ಕೆಲವು ದಿನಗಳಲ್ಲಿ ಸ್ಪರ್ಧೆಯನ್ನೇ ತೊರೆದ. ಅವನು ಮತ್ತೆ ಆ ಎತ್ತರಕ್ಕೆ ಏರಲಿಲ್ಲ. ಬೇರೆ ತಂಡ ಸೇರಿ 2007ರ ಟೂರ್‌ನಲ್ಲಿ ಕೆಂಪು ರಕ್ತಕಣಗಳನ್ನು ಹೆಚ್ಚಿಸುವ ಇ.ಪಿ.ಒ. ಎಂಬ ನಿಷೇಧಿತ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ.

ಈ ವಿಷಯವನ್ನು ಅಭಿಮಾನಿ ಎಂಬ ಕಾರಣಕ್ಕೆ ನಾನು ಮುಚ್ಚಿಡಲಾರೆ. ಬ್ರಿಟನ್ನಿನ ಸವಾರ ಡೇವಿಡ್ ಮಿಲ್ಲರ್ 2004ರಲ್ಲಿ ಮದ್ದು ತೆಗೆದುಕೊಂಡದ್ದನ್ನು ಒಪ್ಪಿಕೊಂಡಾಗ ಹೊರಬಂದ ಹೆಸರು ಯುಸ್ಕಾಲ್ಟೆಲ್ ತಂಡದ ವೈದ್ಯನದು; ತಂಡ ಅವನನ್ನು ಕೈಬಿಟ್ಟಿತು. 2009ರ ಟೂರ್‌ನಲ್ಲಿ ಮಿಕೆಲ್ ಅಸ್ತಾರ್ಲೊಸಾ ಒಂದು ಹಂತ ಗೆದ್ದು ನಾವೆಲ್ಲ ಸಂಭ್ರಮಿಸಿದ ಕೆಲವೇ ದಿನಗಳಲ್ಲಿ, ಟೂರ್‌ಗೆ ಮೊದಲೇ ತೆಗೆದುಕೊಂಡಿದ್ದ ಅವನ ಮಾದರಿಯಲ್ಲಿ ಇ.ಪಿ.ಒ. ಇತ್ತೆಂದು ತಿಳಿಯಿತು, ತಾನು ತಪ್ಪು ಮಾಡಿಲ್ಲವೆಂದೇ ಅವನು ಹೇಳುತ್ತ ಬಂದನಾದರೂ ಆ ಗೆಲುವು ದಾಖಲೆಯಿಂದ ಅಳಿಸಿಹೋಯಿತು. ನಮ್ಮೂರಿನ ಹುಡುಗ ಎಂಬ ಮಾತು ರಕ್ತಪರೀಕ್ಷೆಯ ಮುಂದೆ ನಡೆಯುವುದಿಲ್ಲ. ಆ ಕಾಲದ ಸೈಕ್ಲಿಂಗ್‌ಗೆ ಹತ್ತಿದ ಕೊಳೆ ಈ ತಂಡಕ್ಕೂ ಹತ್ತಿತ್ತು, ಊರಿನ ಅಭಿಮಾನ ಅದಕ್ಕೆ ತಡೆಗೋಡೆಯಾಗಲಿಲ್ಲ.

ಹಾಗಿದ್ದೂ ತಂಡ ಎರಡನೆಯ ಬಾರಿ ಏರಿತು. ಈ ಬಾರಿ ನಾಯಕ ಸಾಮುಯೆಲ್ ಸಾಂಚೆಸ್. ಅವನು ಹುಟ್ಟಿದ್ದು ಅಸ್ತೂರಿಯಾಸ್ ಸೀಮೆಯ ಒವಿಯೆದೊದಲ್ಲಿ, ಬೆಳೆದದ್ದು ಬಾಸ್ಕ್ ಕ್ಲಬ್ಬುಗಳಲ್ಲಿ. ನಿಯಮ ಅವನನ್ನು ಒಳಗೆ ಬಿಟ್ಟುಕೊಂಡಿತ್ತು. 2008ರ ಆಗಸ್ಟ್‌ನಲ್ಲಿ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ, ಮಹಾಗೋಡೆಯ ನೆರಳಿನ ರಸ್ತೆಯಲ್ಲಿ ಅವನು ಚಿನ್ನ ಗೆದ್ದ. ಇಳಿಜಾರಿನಲ್ಲಿ ಅವನಷ್ಟು ನಿರ್ಭಯವಾಗಿ ಸೈಕಲ್ ಬಿಡುವವರು ಆ ಕಾಲದಲ್ಲಿ ಹೆಚ್ಚಿರಲಿಲ್ಲ. ಮಿಕ್ಕವರ ಬಗ್ಗೆ ಹಾಗೆ ಹೇಳುವಂತಿಲ್ಲ; ಏರುಗಳಲ್ಲಿ ಹಕ್ಕಿಗಳಂತಿದ್ದ ಯುಸ್ಕಾಲ್ಟೆಲ್ ಸವಾರರು ಬಯಲಿನ ಗಾಳಿಯಲ್ಲಿ, ಕಿಕ್ಕಿರಿದ ಗುಂಪಿನಲ್ಲಿ ಪದೇ ಪದೇ ಬೀಳುತ್ತಿದ್ದರು. ಇಡೀ ತಂಡ ಒಟ್ಟಾಗಿ ಗಡಿಯಾರದ ವಿರುದ್ಧ ತುಳಿಯುವ ಸ್ಪರ್ಧೆಯ ಫಲಿತಾಂಶ ನೋಡಬೇಕಾದರೆ ನಾನು ಪಟ್ಟಿಯನ್ನು ಕೆಳಗಿನಿಂದ ಓದಲು ಶುರುಮಾಡುತ್ತಿದ್ದೆ.

2010ರ ವುಯೆಲ್ತಾದಲ್ಲಿ, ಅಂದರೆ ಸ್ಪೇನಿನ ಸುತ್ತಿನಲ್ಲಿ, ಗಾಲ್ದಾಕಾವೊ ಊರಿನ ಇಗೊರ್ ಅಂತೊನ್ ನಾಯಕನ ಕೆಂಪು ಜೆರ್ಸಿ ತೊಟ್ಟು ಹೋಗುತ್ತಿದ್ದವನು ಪೆನ್ಯಾ ಕಬಾರ್ಗಾ ಏರಿನ ಬುಡದಲ್ಲಿ ಬಿದ್ದು ಮೊಣಕೈ ಮುರಿದುಕೊಂಡ. ಮುರಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಅವನು ಕಾರಿನ ಕಡೆ ನಡೆದ ಆ ದೃಶ್ಯ ನೋಡಿದ ಮೇಲೆ ನಾನು ಟಿ.ವಿ. ಆರಿಸಿದೆ. ಆದರೆ ಮರುವರ್ಷ, 2011, ಈ ತಂಡದ ಇತಿಹಾಸದ ಅತ್ಯಂತ ತುಂಬಿದ ವರ್ಷ. ಮೇ ತಿಂಗಳಲ್ಲಿ ಇಟಲಿಯ ಜಿರೊದಲ್ಲಿ ಯುರೋಪಿನ ಕಡಿದಾದ ಏರುಗಳಲ್ಲೊಂದಾದ ಜೊಂಕೊಲಾನ್ ಮೇಲೆ ಅಂತೊನ್ ಗೆದ್ದ. ಮರುದಿನವೇ ಡೊಲೊಮೈಟ್ ಪರ್ವತಗಳ ಅತಿ ಕಠಿಣ ಹಂತವನ್ನು ಮಿಕೆಲ್ ನಿಯೆವೆ ಗೆದ್ದ. ಜುಲೈ 14ರಂದು, ಲೈಸೆಕಾ ಗೆದ್ದ ಹತ್ತು ವರ್ಷಗಳ ನಂತರ, ಅದೇ ಲೂಜ್ ಆರ್ದಿದೆನ್‌ನಲ್ಲಿ ಸಾಂಚೆಸ್ ಗೆದ್ದು, ಕೊನೆಯ ದಿನ ಪ್ಯಾರಿಸ್‌ಗೆ, ಏರುಗಳಲ್ಲಿ ಅತಿ ಹೆಚ್ಚು ಅಂಕ ಗಳಿಸಿದವನಿಗೆ ಕೊಡುವ 'ಬೆಟ್ಟಗಳ ರಾಜ'ನ ಚುಕ್ಕೆ ಜೆರ್ಸಿಯಲ್ಲಿ ಹೋದ. ಸೆಪ್ಟೆಂಬರ್ 9ರಂದು ವುಯೆಲ್ತಾ 33 ವರ್ಷಗಳ ನಂತರ ಬಾಸ್ಕ್ ನಾಡಿಗೆ ಕಾಲಿಟ್ಟಿತು. 1978ರಲ್ಲಿ ಪ್ರತಿಭಟನೆಗಳಿಂದ ಸ್ಪರ್ಧೆ ಕೆಟ್ಟ ಮೇಲೆ ಸಂಘಟಕರು ಆ ಕಡೆ ಬಂದಿರಲಿಲ್ಲ. ಬಾಂಬು, ಗುಂಡು, ಬಂಧನಗಳ ಆ ದಶಕಗಳಲ್ಲಿ 'ಸ್ಪೇನಿನ ಸುತ್ತು' ಎಂಬ ಹೆಸರಿನ ಸ್ಪರ್ಧೆಯನ್ನು ಆ ರಸ್ತೆಗಳಲ್ಲಿ ನಡೆಸುವ ಧೈರ್ಯ ಯಾರಿಗೂ ಇರಲಿಲ್ಲ. ಗುರಿ ಬಿಲ್ಬಾವೊ ನಗರದಲ್ಲಿತ್ತು. ಅಂತೊನ್‌ನ ಮನೆ ಅಲ್ಲಿಂದ ಕೂಗಳತೆಯಲ್ಲಿ. ಅಂದು ಅವನೇ ಒಬ್ಬಂಟಿಯಾಗಿ ಬಂದು ಗೆದ್ದ. ಮುಂದಿನ ತಿಂಗಳು, ಅಕ್ಟೋಬರ್ 20ರಂದು, ಸ್ವತಂತ್ರ ಬಾಸ್ಕ್ ನಾಡಿಗಾಗಿ ಆಯುಧ ಹಿಡಿದಿದ್ದ ಇ.ಟಿ.ಎ. ಸಂಘಟನೆ ತನ್ನ ಸಶಸ್ತ್ರ ಹೋರಾಟ ಮುಗಿಯಿತೆಂದು ಘೋಷಿಸಿತು. ಒಂದು ಸೈಕಲ್ ಹಂತಕ್ಕೂ ಅದಕ್ಕೂ ಕಾರ್ಯಕಾರಣ ಸಂಬಂಧ ಕಲ್ಪಿಸುವ ಹುಚ್ಚು ನನಗಿಲ್ಲ. ಎರಡಕ್ಕೂ ಹದವಾದ ಗಾಳಿ ಆಗ ಬೀಸುತ್ತಿತ್ತು ಎಂದಷ್ಟೇ ಹೇಳಬಲ್ಲೆ.

ಅದಾದ ಎರಡೇ ವರ್ಷಗಳಲ್ಲಿ ಈ ತಂಡ ಇಲ್ಲವಾಯಿತು. ಏಕೆ ಎಂಬುದಕ್ಕೆ ಸಾಮಾನ್ಯವಾಗಿ ಕೇಳಿಬರುವ ಉತ್ತರ ಸ್ಪೇನಿನ ಆರ್ಥಿಕ ಕುಸಿತ. ಅದು ಸುಳ್ಳಲ್ಲ, ಸರ್ಕಾರಗಳು ಬಿಗಿಹಿಡಿಯುತ್ತಿದ್ದ ಕಾಲದಲ್ಲಿ ಸಾರ್ವಜನಿಕ ನೆರವು ಮೊದಲು ಬತ್ತುವುದು ಇಂಥ ಕಡೆಯೇ. ಆದರೆ ನನ್ನ ದೃಷ್ಟಿಯಲ್ಲಿ ತಂಡದ ಪ್ರಾಣ ಹೋದದ್ದು 2013ರಲ್ಲಲ್ಲ, 2012ರ ಚಳಿಗಾಲದಲ್ಲಿ. ಅದನ್ನು ತಿಳಿಯಬೇಕಾದರೆ ಸೈಕ್ಲಿಂಗ್‌ನ ಲೆಕ್ಕಪತ್ರವನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಬಿಲ್ಬಾವೊದಲ್ಲಿ ಇದೇ ನಿಯಮ ಪಾಲಿಸುವ ಒಂದು ಫುಟ್‌ಬಾಲ್ ಕ್ಲಬ್ ಇದೆ, ಅಥ್ಲೆಟಿಕ್. ನೂರು ವರ್ಷಕ್ಕೂ ಮಿಕ್ಕಿ ಅದು ಬಾಸ್ಕ್ ಆಟಗಾರರನ್ನಷ್ಟೇ ಆಡಿಸುತ್ತಾ ಬಂದಿದೆ, ಸ್ಪೇನಿನ ಮೊದಲ ದರ್ಜೆಯಿಂದ ಒಮ್ಮೆಯೂ ಕೆಳಗಿಳಿದಿಲ್ಲ. ಅದಕ್ಕೆ ಕ್ರೀಡಾಂಗಣವಿದೆ, ಟಿಕೆಟಿನ ಹಣವಿದೆ, ಟಿ.ವಿ. ಹಕ್ಕಿನ ಪಾಲಿದೆ, ಕ್ಲಬ್ಬಿನ ಒಡೆಯರೇ ಆಗಿರುವ ಸದಸ್ಯರಿದ್ದಾರೆ, ಆಟಗಾರ ಬಿಟ್ಟುಹೋದರೆ ವರ್ಗಾವಣೆಯ ಮೊತ್ತವಿದೆ. ಸೈಕಲ್ ತಂಡಕ್ಕೆ ಇವುಗಳಲ್ಲಿ ಒಂದೂ ಇಲ್ಲ. ಲೂಜ್ ಆರ್ದಿದೆನ್‌ನಲ್ಲಿ ನಿಂತ ಸಾವಿರಾರು ಜನರಲ್ಲಿ ಒಬ್ಬರೂ ಟಿಕೆಟು ಕೊಂಡವರಲ್ಲ, ಏಕೆಂದರೆ ರಸ್ತೆ ಎಲ್ಲರದು. ಟಿ.ವಿ.ಯ ಹಣ ಸ್ಪರ್ಧೆಯ ಸಂಘಟಕರ ಜೇಬಿಗೆ ಹೋಗುತ್ತದೆ. ತಂಡಕ್ಕೆ ಉಳಿಯುವುದು ಪ್ರಾಯೋಜಕನೊಬ್ಬನೇ. ತಂಡದ ಹೆಸರೂ ಅವನದೇ, ಹಾಗಾಗಿ ಅವನು ಎದ್ದುಹೋದ ದಿನ ಹೆಸರೂ ಎದ್ದುಹೋಗುತ್ತದೆ. ಇಂಥ ಕಡೆ 'ನಮ್ಮವರೇ' ಎಂಬ ನಿಯಮವನ್ನು ಇಟ್ಟುಕೊಳ್ಳುವುದು ಅಥ್ಲೆಟಿಕ್‌ಗೆ ಇರುವುದಕ್ಕಿಂತ ಹತ್ತು ಪಾಲು ಕಷ್ಟ.

ಇದರ ಮೇಲೆ ಅಂಕಗಳ ಪದ್ಧತಿ ಬಂದು ಕೂತಿತು. ಅಂತರರಾಷ್ಟ್ರೀಯ ಒಕ್ಕೂಟ ಯು.ಸಿ.ಐ. ಅತ್ಯುನ್ನತ ದರ್ಜೆಯ ಪರವಾನಗಿಗೆ ಹಣಕಾಸು, ಆಡಳಿತಗಳ ಜೊತೆಗೆ ಕ್ರೀಡಾ ಅರ್ಹತೆಯನ್ನೂ ನೋಡುತ್ತಿತ್ತು. ಆ ಅರ್ಹತೆಯನ್ನು ಅಳೆಯುತ್ತಿದ್ದುದು ಸವಾರರು ಗಳಿಸಿದ ಅಂಕಗಳಿಂದ. ಆಗ ಅಂಕ ತಂಡದ ಖಾತೆಯಲ್ಲಿ ಇರುತ್ತಿರಲಿಲ್ಲ, ಸವಾರನ ಜೇಬಿನಲ್ಲಿರುತ್ತಿತ್ತು. ಅವನು ಬೇರೆ ತಂಡಕ್ಕೆ ಹೋದರೆ ಅದನ್ನೂ ಒಯ್ಯುತ್ತಿದ್ದ. ಈಗ ಯೋಚಿಸಿ. ಬೆಟ್ಟದ ಬುಡದವರೆಗೆ ನಾಯಕನಿಗೆ ಗಾಳಿ ತಾಗದಂತೆ ಮುಂದೆ ನಿಂತು ಎಳೆದು, ಕಾರಿನಿಂದ ಆರೆಂಟು ನೀರಿನ ಬಾಟಲಿಗಳನ್ನು ಅಂಗಿಯೊಳಗೆ ತುರುಕಿಕೊಂಡು ತಂದುಕೊಟ್ಟು, ಕೊನೆಗೆ ಅರ್ಧ ಗಂಟೆ ತಡವಾಗಿ ಗುರಿ ಮುಟ್ಟುವ ಸೇವಕ ಸವಾರನಿಗೆ ಬರುತ್ತಿದ್ದ ಅಂಕ ಸೊನ್ನೆ. ಯುಸ್ಕಾಲ್ಟೆಲ್ ತುಂಬ ಅಂಥವರೇ. ಇತ್ತ ಏಷ್ಯಾ, ಆಫ್ರಿಕಾ ಖಂಡಗಳ ಸಣ್ಣ ಸ್ಪರ್ಧೆಗಳಲ್ಲಿ ಗೆಲ್ಲುತ್ತಿದ್ದ, ಯಾರೂ ಹೆಸರು ಕೇಳಿರದ ಸವಾರನೊಬ್ಬನ ಬಳಿ ಕೈತುಂಬ ಅಂಕ. ತಂಡದ ಸ್ಥಾನ ಜಾರುತ್ತಿತ್ತು, ಪರವಾನಗಿ ಕೈತಪ್ಪಿದರೆ ಟೂರ್ ಕೂಡ ಕೈತಪ್ಪುವ ಭಯವಿತ್ತು.

ಆಗ ಅವರು ನಿಯಮವನ್ನೇ ಕೈಬಿಟ್ಟರು. ಮದಾರಿಯಾಗಾ ಅವರ ಪ್ರತಿಷ್ಠಾನವನ್ನು ಪಕ್ಕಕ್ಕೆ ಸರಿಸಿ, ಹಿಂದೆ ಟೂರ್‌ನಲ್ಲಿ ಮುನ್ನಡೆಯಲ್ಲಿರುವವನ ಹಳದಿ ಜೆರ್ಸಿ ತೊಟ್ಟಿದ್ದ ಇಗೊರ್ ಗೊನ್ಸಾಲೆಸ್ ದೆ ಗಾಲ್ದೆಯಾನೊ ನೇತೃತ್ವದ ಹೊಸ ಕಂಪನಿ ತಂಡವನ್ನು ವಹಿಸಿಕೊಂಡಿತು. 2013ರ ಋತುವಿಗೆ ಗ್ರೀಸಿನ ತಮೂರಿದಿಸ್, ಜರ್ಮನಿಯ ಶುಲ್ಜೆ, ಸ್ಲೊವೇನಿಯಾದ ಕೊಚ್ಯಾನ್, ಮೊರಾಕ್ಕೊದ ಶೌಫಿ, ರಷ್ಯಾದ ಸೆರೆಬ್ರ್ಯಾಕೊವ್ ಮೊದಲಾದವರು ಕಿತ್ತಳೆ ಜೆರ್ಸಿ ತೊಟ್ಟರು. ಅವರ ಮೇಲೆ ನನ್ನ ದೂರಿಲ್ಲ. ಕರೆದವರ ಮನೆಗೆ ಬಂದ ಕೆಲಸಗಾರರು ಅವರು. ಆದರೆ ಅವರನ್ನು ಕರೆದದ್ದು ಅವರ ಕಾಲುಗಳಿಗಾಗಿ ಅಲ್ಲ, ಅಂಕಗಳಿಗಾಗಿ ಎಂಬುದು ಎಲ್ಲರಿಗೂ ಗೊತ್ತಿತ್ತು. ವರ್ಷ ಆರಂಭವಾಗಿ ಕೆಲವೇ ತಿಂಗಳಲ್ಲಿ ಸೆರೆಬ್ರ್ಯಾಕೊವ್ ಇ.ಪಿ.ಒ. ಪರೀಕ್ಷೆಯಲ್ಲಿ ಸಿಕ್ಕಿಬಿದ್ದ. ಪರವಾನಗಿಯೇನೋ ಸಿಕ್ಕಿತ್ತು. ಮೂಗಿಗಿಂತ ಮೂಗುತಿ ಭಾರವಾಗಿತ್ತು.

ಯುಸ್ಕಾಲ್ಟೆಲ್ ಕಂಪನಿಗೆ ಈ ತಂಡದಿಂದ ಸಿಗುತ್ತಿದ್ದ ಲಾಭವೇನು? ಅದರ ಗ್ರಾಹಕರೆಲ್ಲ ಬಾಸ್ಕ್ ನಾಡಿನಲ್ಲಿದ್ದರು. ಬೀಜಿಂಗ್‌ನಲ್ಲೋ ಆಸ್ಟ್ರೇಲಿಯಾದಲ್ಲೋ ಯಾರು ಆ ಹೆಸರನ್ನು ಕಂಡರೂ ಒಂದು ಸಿಮ್ ಕಾರ್ಡೂ ಹೆಚ್ಚು ಮಾರಾಟವಾಗುವುದಿಲ್ಲ. ಮನೆಮನೆಯ ಹುಡುಗರು ತಮ್ಮ ಹೆಸರನ್ನು ಬೆನ್ನ ಮೇಲೆ ಹೊತ್ತಿದ್ದಾರೆ ಎಂಬುದೊಂದೇ ಆ ಕಂಪನಿ ಕೊಂಡುಕೊಂಡಿದ್ದ ವಸ್ತು. ನಿಯಮ ಹೋದ ಮೇಲೆ ಅದು ಇತರ ಹದಿನೆಂಟು ತಂಡಗಳಂತೆ ಇನ್ನೊಂದು ತಂಡ, ಅವುಗಳಿಗಿಂತ ಬಡ ತಂಡ. ಉಳಿಯುವುದಕ್ಕಾಗಿ ಮಾರಿದ್ದು ಉಳಿಯಲು ಇದ್ದ ಒಂದೇ ಕಾರಣವನ್ನು. ಎರಡನೆಯ ದರ್ಜೆಗೆ ಇಳಿದು, ಟೂರ್‌ಗೆ ಆಹ್ವಾನಕ್ಕಾಗಿ ಕಾದು, ತಮ್ಮ ಹುಡುಗರೊಂದಿಗೇ ಇರಬಹುದಿತ್ತು ಎಂದು ನಾನು ಆಗಲೂ ವಾದಿಸುತ್ತಿದ್ದೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂದು ಯಾರಾದರೂ ನನಗೆ ಹೇಳಿದರೆ ಒಪ್ಪುತ್ತೇನೆ, ಸಂಬಳದ ಪಟ್ಟಿಗೆ ಸಹಿ ಹಾಕಬೇಕಾದವನು ನಾನಾಗಿರಲಿಲ್ಲ.

2013ರ ಆಗಸ್ಟ್‌ನಲ್ಲಿ, ವುಯೆಲ್ತಾ ಆರಂಭವಾಗಲು ಕೆಲವೇ ದಿನಗಳಿರುವಾಗ, ವರ್ಷದ ಕೊನೆಗೆ ತಂಡ ಮುಚ್ಚುವುದೆಂಬ ಪ್ರಕಟಣೆ ಹೊರಬಿತ್ತು. ಕೆಲಸ ಹೋಗುವುದು ಖಚಿತವಾದ ಮೇಲೂ ಸವಾರರು ಮೂರು ವಾರ ಸ್ಪರ್ಧಿಸಿ ತಂಡ ವಿಭಾಗದ ಪ್ರಶಸ್ತಿಯನ್ನು ಗೆದ್ದರು. ಆ ನಡುವೆ ಸೆಪ್ಟೆಂಬರ್ ಮೊದಲಲ್ಲಿ ಒಂದು ಆಶ್ಚರ್ಯ ನಡೆಯಿತು. ಫಾರ್ಮುಲಾ ಒನ್ ಚಾಲಕ ಫರ್ನಾಂದೊ ಅಲೊನ್ಸೊ ತಂಡದ ಪರವಾನಗಿಯನ್ನು ಕೊಂಡುಕೊಳ್ಳಲು ಮುಂದೆ ಬಂದಿದ್ದಾನೆಂಬ ಸುದ್ದಿ! ಅವನೂ ಸಾಂಚೆಸ್‌ನಂತೆ ಒವಿಯೆದೊದವನು, ಸೈಕಲ್ಲಿನ ಹುಚ್ಚಿರುವವನು. ನಾನು ಆ ರಾತ್ರಿ ನಿದ್ದೆಗೆಟ್ಟು ಸುದ್ದಿ ಓದಿದೆ. ಸುಮಾರು ಮೂರು ವಾರಗಳಲ್ಲಿ ಮಾತುಕತೆ ಮುರಿಯಿತು. ಎರಡೂ ಕಡೆಯವರು ಬೆರಳನ್ನು ಎದುರಿನವರ ಕಡೆಗೇ ತೋರಿಸಿದರು. ಅಕ್ಟೋಬರ್‌ನಲ್ಲಿ ಬೀಜಿಂಗ್ ಸುತ್ತಿನೊಂದಿಗೆ ಆ ವರ್ಷದ ಉನ್ನತ ದರ್ಜೆಯ ಸ್ಪರ್ಧೆಗಳು ಮುಗಿದವು, ಅವುಗಳೊಂದಿಗೆ ತಂಡವೂ ಮುಗಿಯಿತು. ಅಂತೊನ್ ಮತ್ತು ಇಸಾಗಿರೆ ಸಹೋದರರು ಮೊವಿಸ್ತಾರ್ ಸೇರಿದರು; ಅದು ಟೆಲಿಫೋನಿಕಾದ ತಂಡ, ಯಾರ ವಿರುದ್ಧ ಯುಸ್ಕಾಲ್ಟೆಲ್ ಹುಟ್ಟಿತ್ತೋ ಅವರದೇ. ನಿಯೆವೆ ಬ್ರಿಟನ್ನಿನ ಸ್ಕೈ ತಂಡಕ್ಕೆ, ಮಿಕೆಲ್ ಲಾಂದಾ ಕಜಕಿಸ್ತಾನದ ಅಸ್ತಾನಾಗೆ ಹೋದರು. ಕೆಲಸ ಸಿಗದೆ ಮನೆಗೆ ಹೋದವರೂ ಇದ್ದರು.

ಹಾಗೆ ಚದುರಿದವರಲ್ಲಿ ಲಾಂದಾ 2017ರ ಕೊನೆಗೆ, ಇನ್ನೂ ತಾನೇ ಸವಾರನಾಗಿರುವಾಗಲೇ, ಮುಳುಗುವ ಹಂತದಲ್ಲಿದ್ದ ಹಳೆಯ ಪ್ರತಿಷ್ಠಾನದ ಅಧ್ಯಕ್ಷತೆ ವಹಿಸಿಕೊಂಡ. ಕೆಳಗಿನ ದರ್ಜೆಯಲ್ಲಿ ಹೊಸ ತಂಡ ಕಟ್ಟಲಾಯಿತು, 2020ರಲ್ಲಿ ಯುಸ್ಕಾಲ್ಟೆಲ್ ಮತ್ತೆ ಪ್ರಾಯೋಜಕನಾಗಿ ಬಂದು ಕಿತ್ತಳೆ ಬಣ್ಣ ಮರಳಿತು. ಮರುವರ್ಷವೇ ಆ ಕಂಪನಿಯನ್ನು ಸ್ಪೇನಿನ ಇನ್ನೊಂದು ದೂರವಾಣಿ ಕಂಪನಿ ಮಾಸ್‌ಮೋವಿಲ್ ಕೊಂಡುಕೊಂಡಿತು. ಎರಡನೆಯ ದರ್ಜೆಯ ಈ ತಂಡದ ಬಗ್ಗೆ ನನಗಿರುವುದು ಮೆಚ್ಚುಗೆ. ಹಳೆಯ ಹುಚ್ಚು ಮಾತ್ರ ಮರಳಿ ಬರಲಿಲ್ಲ, ಅದು ಬಹುಶಃ ವಯಸ್ಸಿನ ದೋಷ.

2023ರ ಜುಲೈ 1ರಂದು ಟೂರ್ ದ ಫ್ರಾನ್ಸ್ ಬಿಲ್ಬಾವೊದಿಂದಲೇ ಹೊರಟಿತು. ಕಿತ್ತಳೆ ತಂಡಕ್ಕೆ ಆಹ್ವಾನವಿರಲಿಲ್ಲ. ಹತ್ತನೆಯ ಹಂತವನ್ನು, ಇಸ್ವಾರ್ ಎಂಬ ಊರಿನಲ್ಲಿ, ಬಾಸ್ಕ್ ಊರಾದ ಗೆರ್ನಿಕಾದ ಸವಾರ ಪೆಯ್ಯೊ ಬಿಲ್ಬಾವೊ ಗೆದ್ದ. ಹಿಂದಿನ ತಿಂಗಳಷ್ಟೇ ಸ್ವಿಟ್ಜರ್ಲೆಂಡಿನ ಸ್ಪರ್ಧೆಯಲ್ಲಿ ಬಿದ್ದು ತೀರಿಕೊಂಡಿದ್ದ ತನ್ನ ಸಂಗಾತಿ ಜೀನೊ ಮೇಡರ್‌ಗೆ ಆ ಗೆಲುವನ್ನು ಅರ್ಪಿಸಿದ. ಎರಡು ದಿನ ಬಿಟ್ಟು ಹನ್ನೆರಡನೆಯ ಹಂತವನ್ನು ಇಯೋನ್ ಇಸಾಗಿರೆ ಗೆದ್ದ. ಒಬ್ಬ ಬಹರೇನಿನ ತಂಡದವನು, ಇನ್ನೊಬ್ಬ ಫ್ರಾನ್ಸಿನ ಕೊಫಿದಿಸ್ ತಂಡದವನು. ಇಬ್ಬರೂ 2013ರಲ್ಲಿ ಯುಸ್ಕಾಲ್ಟೆಲ್‌ನ ಕೊನೆಯ ಪಟ್ಟಿಯಲ್ಲಿದ್ದವರು. ಮೊದಲ ದಿನದ ಕೊನೆಯ ಏರು, ಪಿಕೆ, ಬಿಲ್ಬಾವೊ ನಗರದ ಅಂಚಿನ ಕಡಿದಾದ ಒಂದು ದಾರಿ. ಅಲ್ಲಿ ನಿಂತ ಜನರ ನಡುವೆ, ತೊಳೆದು ತೊಳೆದು ಬಣ್ಣ ಕಳೆದುಕೊಂಡ ಕೆಲವು ಹಳೆಯ ಕಿತ್ತಳೆ ಅಂಗಿಗಳು ಟಿ.ವಿ.ಯಲ್ಲಿ ಹಾದುಹೋದವು. ಪಕ್ಕದಲ್ಲಿ ಕುಳಿತಿದ್ದ ಮಗಳು, ಅವರು ಹಾಲೆಂಡಿನವರಾ ಅಪ್ಪಾ ಎಂದು ಕೇಳಿದಳು.